ಮಾತು ಮುಂದೆ, ವಾದ್ಯ ಹಿಂದೆ

ಲಿವರ್‌ಪೂಲ್ ನಗರದೆದುರು, ಮರ್ಸಿ ನದಿಯ ಆಚೆ ದಡದಲ್ಲಿ ಬರ್ಕನ್‌ಹೆಡ್ ಎಂಬ ಊರಿದೆ. ಹಡಗು ಕಟ್ಟುವ ಕಸುಬಿನಿಂದ ಬೆಳೆದ ಈ ಊರು 1980ರ ದಶಕದ ನಿರುದ್ಯೋಗದಲ್ಲಿ ಕಂಗೆಟ್ಟಿತ್ತು. ಅಲ್ಲಿನ ಕೆಲವು ಯುವಕರು ಹಾಫ್ ಮ್ಯಾನ್ ಹಾಫ್ ಬಿಸ್ಕಿಟ್ ಎಂಬ ತಂಡ ಕಟ್ಟಿಕೊಂಡು 1985ರಲ್ಲಿ ತಮ್ಮ ಮೊದಲ ಆಲ್ಬಂ ತಂದರು. ಅದರ ಧ್ವನಿಮುದ್ರಣಕ್ಕೆ ತಗುಲಿದ್ದು 40 ಪೌಂಡ್ ಎಂಬ ಮಾತು ಆ ತಂಡದ ಕತೆಯ ಜೊತೆಗೇ ಬೆಳೆದು ಬಂದಿದೆ. ಆಲ್ಬಮ್ಮಿನ ಹೆಸರಿನಲ್ಲೇ ನಿರುದ್ಯೋಗ ಭತ್ಯೆ ಕೊಡುವ ಸರ್ಕಾರಿ ಇಲಾಖೆಯಿತ್ತು. ಹಾಡುಗಳ ತುಂಬ ಟಿ.ವಿ. ನಿರೂಪಕರು, ಸ್ನೂಕರ್ ರೆಫರಿ, ಸಣ್ಣ ಊರಿನ ದೊಡ್ಡ ಬೇಸರಗಳು. ಬಿಬಿಸಿ ರೇಡಿಯೊದ ಜಾನ್ ಪೀಲ್ ಅವನ್ನು ಬಿಡದೆ ಹಾಕಿದರು. ಆಲ್ಬಂ ಬ್ರಿಟನ್ನಿನ ಇಂಡಿ ಪಟ್ಟಿಯ ತುದಿಗೇರಿತು. ಚಾನೆಲ್ 4ರ ಹೆಸರಾಂತ ಸಂಗೀತ ಕಾರ್ಯಕ್ರಮ ‘ದ ಟ್ಯೂಬ್’ ಕರೆ ಕಳಿಸಿದಾಗ ತಂಡ ಒಲ್ಲೆ ಎಂದಿತು. ಕಾರ್ಯಕ್ರಮವಿದ್ದ ಅದೇ ಶುಕ್ರವಾರ ಸಂಜೆ ಊರಿನ ಫುಟ್‌ಬಾಲ್ ತಂಡ ಟ್ರಾನ್‌ಮಿಯರ್ ರೋವರ್ಸ್‌ನ ಪಂದ್ಯ ತವರಿನ ಮೈದಾನದಲ್ಲಿತ್ತು.

ಇದನ್ನು ತಮಾಷೆಯ ಪ್ರಸಂಗವೆಂದು ಹೇಳಿ ಮರೆತುಬಿಡುವುದು ಸುಲಭ. ಆದರೆ ಆ ತಂಡ ಇಂದಿಗೂ ಇದೆ. 2022ರಲ್ಲಿ ಅವರು ಹೊರತಂದ ಆಲ್ಬಮ್ಮಿಗೆ ಕೀಲುನೋವಿನ ಮುಲಾಮೊಂದರ ಹೆಸರಿತ್ತು. ಮೊದಲ ಆಲ್ಬಂ ಕೇಳಿದವರಿಗೆ ಆ ಹೊತ್ತಿಗೆ ಮುಲಾಮು ಬೇಕಾಗುವ ವಯಸ್ಸಾಗಿತ್ತು. ತಂಡದ ಗೀತರಚನಕಾರ ನೈಜೆಲ್ ಬ್ಲ್ಯಾಕ್‌ವೆಲ್ ಬರೆದ ಸಾಲುಗಳನ್ನು ಈ ಕೇಳುಗರು ಪದಪದವಾಗಿ ಬಿಡಿಸಿ ಓದುತ್ತಾರೆ, ಒಂದೊಂದು ಸೂಚನೆಯ ಹಿಂದಿರುವ ಊರು, ಆಟಗಾರ, ಜಾಹೀರಾತು ಯಾವುದೆಂದು ಹುಡುಕುತ್ತಾರೆ. ಅದೇ ವರ್ಷಗಳಲ್ಲಿ ಲಕ್ಷಗಟ್ಟಲೆ ಖರ್ಚಿನಲ್ಲಿ ತಯಾರಾದ ಎಷ್ಟೋ ಹಾಡುಗಳು ಮರೆತುಹೋಗಿವೆ. ವಾದ್ಯ ಬಡವಾದ, ಕಂಠ ಸಾಧಾರಣವಾದ, ಮಾತು ಮಾತ್ರ ಧಾರಾಳವಾಗಿರುವ ಈ ಬಗೆಯ ಹಾಡಿಗೆ ಜನ ಇಷ್ಟು ವರ್ಷ ಅಂಟಿಕೊಂಡಿರುವುದೇಕೆ?

ಇದಕ್ಕೆ ಸಿದ್ಧವಾಗಿರುವ ಉತ್ತರ ಒಂದಿದೆ: ಒರಟಾಗಿ ಮುದ್ರಿಸಿದ್ದು ಪ್ರಾಮಾಣಿಕವಾಗಿ ಕೇಳಿಸುತ್ತದೆ, ನುಣುಪಾದದ್ದು ಕೃತಕವಾಗಿ ಕೇಳಿಸುತ್ತದೆ. ಈ ಉತ್ತರ ದುರ್ಬಲ. ಒರಟುತನವನ್ನೂ ತಯಾರಿಸಬಹುದು, ಈಗಂತೂ ಒಂದು ಗುಂಡಿ ಒತ್ತಿದರೆ ಸಾಕು. ಟೇಪಿನ ಸಿಳ್ಳು, ಹಳೆಯ ರೆಕಾರ್ಡಿನ ಚಟಪಟ, ಸ್ವರ ತುಸು ತೂಗಾಡುವ ಕ್ಯಾಸೆಟ್ಟಿನ ಅಳ್ಳಕತನ, ಎಲ್ಲವೂ ಸಾಫ್ಟ್‌ವೇರಿನಲ್ಲಿ ಸಿಗುತ್ತವೆ. ಇಂದು ಯೂಟ್ಯೂಬಿನಲ್ಲಿ ಲೋ-ಫೈ, ಅಂದರೆ ಒರಟು ಮುದ್ರಣ, ಎಂದು ಹುಡುಕಿದರೆ ಮೊದಲು ಎದುರಾಗುವುದು ಕಿಟಕಿಯ ಪಕ್ಕ ಕೂತು ಬರೆಯುತ್ತಿರುವ ಹುಡುಗಿಯ ಚಿತ್ರ ಮತ್ತು ನಿಲ್ಲದೆ ಹರಿಯುವ, ಮಾತಿಲ್ಲದ ಲಯ. ಕನ್ನಡ ಸಿನಿಮಾ ಹಾಡುಗಳಿಗೂ ಇಂಥ ಅವತಾರ ಬಂದಿದೆ. ಹಾಡಿನ ವೇಗ ಇಳಿಸಿ, ಅನುರಣನ ಹೆಚ್ಚಿಸಿ, ಹಿಂದೆ ಮಳೆ ಸುರಿಸಿ, ರಾತ್ರಿ ಓದುವವರಿಗೂ ಪ್ರಯಾಣದಲ್ಲಿರುವವರಿಗೂ ಕೊಡುತ್ತಾರೆ. ಅದು ಮನಸ್ಸಿಗೆ ಹಿತ ಕೊಡುವುದು ನಿಜ. ಆದರೆ ಅಲ್ಲಿ ಒರಟುತನ ಬಂದಿರುವುದು ಮಾತನ್ನು ಮಸುಕು ಮಾಡಲಿಕ್ಕೆ. ಗೀತರಚನಕಾರ ಬರೆದ ಸಾಲು ಅನುರಣನದಲ್ಲಿ ಕರಗಿ, ಕೇಳುಗನ ಗಮನ ಬೇರೆ ಕೆಲಸಕ್ಕೆ ಬಿಡುವಾಗುತ್ತದೆ. ಬ್ಲ್ಯಾಕ್‌ವೆಲ್ ಹಾಡುಗಳ ಪರಂಪರೆ ಇದಕ್ಕೆ ನೇರ ವಿರುದ್ಧ ದಿಕ್ಕಿನದು. ಅಲ್ಲಿ ಗಮನ ಪೂರ್ತಿ ಬೇಕು, ಒಂದು ಪದ ತಪ್ಪಿದರೆ ಮುಂದಿನ ನಗುವೂ ತಪ್ಪುತ್ತದೆ.

ಹಾಗಾಗಿ ಒರಟು ಸದ್ದಿಗೆ ತಾನೇ ತಾನಾಗಿ ಯಾವ ಪುಣ್ಯವೂ ಇಲ್ಲ. ಅದರ ಬೆಲೆ ಇರುವುದು ಅದು ಮಾತಿಗೆ ಬಿಟ್ಟುಕೊಡುವ ಜಾಗದಲ್ಲಿ. ಕಡಿಮೆ ಸದ್ದು, ಕಡಿಮೆ ಹಣ, ಕಡಿಮೆ ಸಮಯ, ಈ ಮೂರು ಕೊರತೆಗಳು ಸೇರಿ ಹಾಡಿನೊಳಗೆ ಬರಹಗಾರನಿಗೆ ಒಂದು ಕೋಣೆ ಮಾಡಿಕೊಟ್ಟವು. ಆ ಕೋಣೆಗೆ ಕಾಲಿಟ್ಟವರಲ್ಲಿ ಕೆಲವರು ಒಳ್ಳೆಯ ಬರಹಗಾರರಾಗಿದ್ದರು.

ಅಮೆರಿಕದ ಜಾನ್ ಡಾರ್ನೀಲ್ ಅವರನ್ನು ನೋಡಿದರೆ ಇದು ತಿಳಿಯಾಗುತ್ತದೆ. 1990ರ ದಶಕದ ಆರಂಭದಲ್ಲಿ ಅವರು ಕ್ಯಾಲಿಫೋರ್ನಿಯಾದಲ್ಲಿ ಮಾನಸಿಕ ರೋಗಿಗಳನ್ನು ನೋಡಿಕೊಳ್ಳುವ ನರ್ಸ್. ಕವಿತೆ ಬರೆಯುತ್ತಿದ್ದರು, ಬರೆದದ್ದಕ್ಕೆ ಗಿಟಾರಿನಲ್ಲಿ ನಾಲ್ಕು ಸ್ವರಮೇಳ ಕೂಡಿಸಿ ಹಾಡತೊಡಗಿದರು. ಅದಕ್ಕೆ ಮೌಂಟನ್ ಗೋಟ್ಸ್ ಎಂದು ತಂಡದ ಹೆಸರಿಟ್ಟರು, ತಂಡದಲ್ಲಿ ಬಹುಕಾಲ ಇದ್ದವರು ಹೆಚ್ಚುಕಡಿಮೆ ಅವರೊಬ್ಬರೇ. ಮುದ್ರಣ ಯಂತ್ರ ಪ್ಯಾನಸಾನಿಕ್ ಕಂಪನಿಯ ಆರ್‌ಎಕ್ಸ್-ಎಫ್‌ಟಿ500, ಅಂದರೆ ರೇಡಿಯೊ ಮತ್ತು ಕ್ಯಾಸೆಟ್ ಒಂದೇ ಪೆಟ್ಟಿಗೆಯಲ್ಲಿದ್ದು ನಮ್ಮ ಮನೆಗಳಲ್ಲಿ ‘ಟೂ ಇನ್ ಒನ್’ ಎಂದು ಕರೆಸಿಕೊಳ್ಳುತ್ತಿದ್ದ ಜಾತಿಯದು. ಇಂಥ ಪೆಟ್ಟಿಗೆಯಲ್ಲಿ ಮೈಕು ಒಳಗೇ ಇರುತ್ತದೆ, ಟೇಪು ತಿರುಗಿಸುವ ಮೋಟಾರೂ ಅಲ್ಲೇ ಪಕ್ಕದಲ್ಲಿರುತ್ತದೆ. ಹಾಗಾಗಿ ಮೋಟಾರಿನ ಗೊರಗೊರ ಪ್ರತಿ ಹಾಡಿನಲ್ಲೂ ಕೂತುಬಿಟ್ಟಿತು. 2002ರ ಆಲ್ಬಂ ‘ಆಲ್ ಹೇಲ್ ವೆಸ್ಟ್ ಟೆಕ್ಸಸ್’ನ 14 ಹಾಡುಗಳೂ ಇದೇ ಯಂತ್ರದಲ್ಲಿ ಮುದ್ರಣವಾದವು.

ಇಲ್ಲಿ ಸ್ವಲ್ಪ ತಾಂತ್ರಿಕ ವಿಚಾರ ಹೇಳಲೇಬೇಕು, ಏಕೆಂದರೆ ವಾದದ ಬೇರು ಅಲ್ಲಿದೆ. ಆರೋಗ್ಯವಂತ ಕಿವಿ ಸುಮಾರು 20ರಿಂದ 20,000 ಹರ್ಟ್ಸ್‌ವರೆಗಿನ ಸದ್ದು ಕೇಳಬಲ್ಲದು. ಹಳೆಯ ದೂರವಾಣಿ ತಂತಿ ಸಾಗಿಸುತ್ತಿದ್ದುದು ಸುಮಾರು 300ರಿಂದ 3,400 ಹರ್ಟ್ಸ್‌ವರೆಗಿನ ಸದ್ದನ್ನು ಮಾತ್ರ. ಆದರೂ ಆ ತಂತಿಯ ಮೇಲೆ ಮದುವೆ ನಿಶ್ಚಯವಾಗುತ್ತಿತ್ತು, ಸಾವಿನ ಸುದ್ದಿ ಮುಟ್ಟುತ್ತಿತ್ತು, ಜಗಳ ನಡೆದು ರಾಜಿಯಾಗುತ್ತಿತ್ತು. ಮಾತು ಅರ್ಥವಾಗಲು ಬೇಕಾದದ್ದರ ಬಹುಭಾಗ ಆ ನಡುಪಟ್ಟಿಯಲ್ಲೇ ಇದೆ. ಅಗ್ಗದ ಕ್ಯಾಸೆಟ್ ಯಂತ್ರ ಕಳೆದುಕೊಳ್ಳುವುದು ಕೆಳಗಿನ ಮಂದ್ರವನ್ನೂ ಮೇಲಿನ ಮಿನುಗನ್ನೂ, ಅಂದರೆ ಡ್ರಮ್ಮಿನ ಗುದ್ದು, ಬೇಸ್ ಗಿಟಾರಿನ ತೂಕ, ತಾಳದ ಥಳಕು, ಇಂಥವನ್ನು. ಅದು ಉಳಿಸಿಕೊಳ್ಳುವುದು ಮನುಷ್ಯ ಮಾತಾಡುವ ಪಟ್ಟಿಯನ್ನು. ಸಂಗೀತದ ಲೆಕ್ಕದಲ್ಲಿ ಇದು ನಷ್ಟ, ಸಾಹಿತ್ಯದ ಲೆಕ್ಕದಲ್ಲಿ ನಷ್ಟ ಬಹಳ ಕಡಿಮೆ. ಮೇಲಾಗಿ ವಾದ್ಯಗಳ ಗುಂಪಿಲ್ಲದ್ದರಿಂದ ಪದದ ಮೇಲೆ ಯಾವುದೂ ಬಂದು ಕೂರುವುದಿಲ್ಲ. ಡಾರ್ನೀಲ್ ಅವರದು ಮೂಗಿನಿಂದ ಬರುವ ಚೂಪು ಕಂಠ. ದೊಡ್ಡ ವೃಂದದ ನಡುವೆ ಆ ಕಂಠ ಚುಚ್ಚಬಹುದಿತ್ತು, ಈ ಪೆಟ್ಟಿಗೆಯಲ್ಲಿ ಅದು ಎದುರು ಕೂತವನ ಮಾತಿನಂತೆ ಸ್ಪಷ್ಟವಾಗಿ ತಲುಪಿತು.

ಅಮೆರಿಕದ ರಾಕ್ ಗಾಯಕ ಬ್ರೂಸ್ ಸ್ಪ್ರಿಂಗ್‌ಸ್ಟೀನ್ ಇದನ್ನು ಇನ್ನೊಂದು ಕಡೆಯಿಂದ ಬಂದು ಕಂಡುಕೊಂಡರು. 1979ರಲ್ಲಿ ಟ್ಯಾಸ್ಕ್ಯಾಮ್ ಕಂಪನಿ ಪೋರ್ಟಸ್ಟುಡಿಯೊ ಎಂಬ ಯಂತ್ರ ತಂದಿತ್ತು. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಒಂದು ಮಗ್ಗುಲಿಗೆ ಎರಡರಂತೆ ಇರುವ ನಾಲ್ಕು ಪಥಗಳನ್ನೂ ಅದು ಒಂದೇ ದಿಕ್ಕಿನಲ್ಲಿ, ದುಪ್ಪಟ್ಟು ವೇಗದಲ್ಲಿ ಬಳಸುತ್ತಿತ್ತು. 60 ನಿಮಿಷದ ಕ್ಯಾಸೆಟ್ಟಿನಲ್ಲಿ 15 ನಿಮಿಷದ ಸಂಗೀತ ಹಿಡಿಯುತ್ತಿತ್ತು, ಆದರೆ ಒಬ್ಬನೇ ಮನುಷ್ಯ ಒಂದರ ಮೇಲೊಂದು ನಾಲ್ಕು ದನಿ ಹಾಕಬಹುದಾಗಿತ್ತು. 1982ರ ಜನವರಿಯಲ್ಲಿ ಸ್ಪ್ರಿಂಗ್‌ಸ್ಟೀನ್ ನ್ಯೂಜೆರ್ಸಿಯ ಬಾಡಿಗೆ ಮನೆಯಲ್ಲಿ ಈ ಯಂತ್ರದ ಮುಂದೆ ಕೂತು, ಮುಂದೆ ಬ್ಯಾಂಡಿನ ಜೊತೆ ಮಾಡಲೆಂದು ಕೆಲವು ಕಥನಗೀತೆಗಳನ್ನು ಗುರುತಿಗಾಗಿ ಮುದ್ರಿಸಿಟ್ಟುಕೊಂಡರು. ಆಮೇಲೆ ಹೆಸರಾಂತ ಬ್ಯಾಂಡಿನೊಡನೆ ಸ್ಟುಡಿಯೊದಲ್ಲಿ ಅವನ್ನೇ ನುಡಿಸಿದಾಗ ಹಾಡು ದೊಡ್ಡದಾಯಿತು, ಹಾಡಿನೊಳಗಿನ ಮನುಷ್ಯ ಸಣ್ಣವನಾದ. ಕೊನೆಗೆ ಆ ಕ್ಯಾಸೆಟ್ಟನ್ನೇ ‘ನೆಬ್ರಾಸ್ಕ’ ಎಂದು ಬಿಡುಗಡೆ ಮಾಡಿದರು. ಎಲ್ಲ ಸೌಲಭ್ಯವೂ ಕೈಯಲ್ಲಿದ್ದ ಕಲಾವಿದ ಮಾಡಿಕೊಂಡ ಆಯ್ಕೆಯಿದು. ಬಡತನದ ಮಾತು ಇಲ್ಲಿ ಬರುವುದಿಲ್ಲ, ಆದ್ದರಿಂದ ಈ ಉದಾಹರಣೆಗೆ ತೂಕ ಹೆಚ್ಚು.

ಹಣ ಮತ್ತು ಸಮಯದ ಮಾತೂ ಇದಕ್ಕೇ ಸೇರಿದ್ದು. ಗಂಟೆಯ ಬಾಡಿಗೆ ಕೊಟ್ಟು ಸ್ಟುಡಿಯೊ ಹಿಡಿದವರಿಗೆ ಪ್ರತಿ ಚರಣವೂ ಖರ್ಚು. ಬೇಗ ಪಲ್ಲವಿಗೆ ಬಾ, ಅದನ್ನು ಮತ್ತೆ ಮತ್ತೆ ಹಾಡು, ರೇಡಿಯೊಗೆ ಹೊಂದುವ ಅಳತೆಗೆ ಕತ್ತರಿಸು ಎಂಬ ಒತ್ತಡ ಹಾಡಿನ ಆಕಾರವನ್ನೇ ನಿರ್ಧರಿಸುತ್ತದೆ. ಅಡುಗೆಮನೆಯ ಮೇಜಿನ ಮೇಲೆ ಮುದ್ರಿಸುವವನಿಗೆ ಕ್ಯಾಸೆಟ್ಟಿನ ಬೆಲೆ ಬಿಟ್ಟರೆ ಬೇರೆ ಖರ್ಚಿಲ್ಲ. ಅವನು ಪಲ್ಲವಿಯನ್ನೇ ಬಿಡಬಹುದು, ಅಡ್ಡದಾರಿ ಹಿಡಿಯಬಹುದು, ಒಂದು ಚರಣದಲ್ಲಿ ಹತ್ತು ಊರಿನ ಹೆಸರು ತರಬಹುದು. ಡಾರ್ನೀಲ್ ಆ ಕಾಲದಲ್ಲಿ ಹಾಡು ಬರೆದ ಕೂಡಲೇ, ಇನ್ನೂ ಬಿಸಿಯಿರುವಾಗಲೇ, ಮುದ್ರಿಸುತ್ತಿದ್ದರು. ಆ ಮುದ್ರಣಗಳಲ್ಲಿ ಕೇಳಿಸುವುದು ಅಭ್ಯಾಸ ಮಾಡಿ ಪಳಗಿದ ಹಾಡುಗಾರಿಕೆಯಲ್ಲ, ತನ್ನ ಸಾಲು ಸರಿಯಾಗಿ ಬಂತೆಂದು ಈಗಷ್ಟೇ ಗೊತ್ತಾದವನ ಉತ್ಸಾಹ. ಸ್ಟುಡಿಯೊದಲ್ಲಿ ಮೂವತ್ತನೆಯ ಸಲ ಅದೇ ಸಾಲನ್ನು ಹಾಡುವವನಿಗೆ ಅದು ದಕ್ಕುವುದು ಕಷ್ಟ.

ನ್ಯೂಜಿಲೆಂಡಿನಲ್ಲಿ ಇದು ಒಬ್ಬರ ರೂಢಿಯಾಗಿ ಉಳಿಯದೆ ಒಂದು ಊರಿನ ದನಿಯೇ ಆಯಿತು. ಕ್ರಿಸ್ ನಾಕ್ಸ್ ತಮ್ಮ ಟಾಯ್ ಲವ್ ತಂಡದೊಂದಿಗೆ ಸಿಡ್ನಿಗೆ ಹೋಗಿ ಅಲ್ಲಿನ ಸ್ಟುಡಿಯೊದಲ್ಲಿ ಮಾಡಿದ ಆಲ್ಬಂ 1980ರಲ್ಲಿ ಬಂತು. ವೇದಿಕೆಯ ಮೇಲೆ ಕೆರಳಿ ನುಡಿಸುತ್ತಿದ್ದ ತಂಡದ ಸದ್ದು ಆಲ್ಬಮ್ಮಿನಲ್ಲಿ ಸಪ್ಪೆಯಾಗಿತ್ತು, ಅದು ತಂಡಕ್ಕೇ ಒಪ್ಪಿಗೆಯಾಗಲಿಲ್ಲ. ತಂಡ ಮುರಿದ ಮೇಲೆ ನಾಕ್ಸ್ ನಾಲ್ಕು ಪಥದ ಟೇಪ್ ಯಂತ್ರವೊಂದನ್ನು ಕೊಂಡು ತಂದರು. 1981ರಲ್ಲಿ ಕ್ರೈಸ್ಟ್‌ಚರ್ಚಿನ ರೋಜರ್ ಶೆಪರ್ಡ್ ಫ್ಲೈಯಿಂಗ್ ನನ್ ಎಂಬ ಧ್ವನಿಮುದ್ರಿಕೆ ಸಂಸ್ಥೆ ತೆರೆದಿದ್ದರು. ಆ ಸಂಸ್ಥೆ ತಂದ, ಡ್ಯುನೀಡನ್ ಊರಿನ ದ ಕ್ಲೀನ್ ತಂಡದ ‘ಟ್ಯಾಲಿ ಹೋ!’ ನೂರು ಡಾಲರೂ ಇಲ್ಲದ ಖರ್ಚಿನಲ್ಲಿ ತಯಾರಾಗಿ ದೇಶದ ಮೊದಲ ಇಪ್ಪತ್ತು ಹಾಡುಗಳಲ್ಲಿ ಜಾಗ ಪಡೆಯಿತು. ಅವರ ಮುಂದಿನ ಮುದ್ರಣಕ್ಕೆ ನಾಕ್ಸ್ ತಮ್ಮ ಯಂತ್ರ ಹೊತ್ತು ತಂದರು. ಆ ಯಂತ್ರದ ಸುತ್ತ ಒಂದು ಪೀಳಿಗೆ ಬೆಳೆಯಿತು. ಲಂಡನ್, ನ್ಯೂಯಾರ್ಕ್ ಎರಡೂ ಬಹುದೂರ. ಅಲ್ಲಿನವರಂತೆ ಕೇಳಿಸಬೇಕೆಂಬ ಹಂಬಲವನ್ನು ಬಿಟ್ಟ ಮೇಲೆ ಈ ಹುಡುಗರಿಗೆ ತಮ್ಮ ಉಚ್ಚಾರದಲ್ಲಿ, ತಮ್ಮ ಬೀದಿಯ ಸಂಗತಿಗಳ ಬಗ್ಗೆ ಹಾಡುವ ಧೈರ್ಯ ಬಂತು.

ಇನ್ನು ಚಾತುರ್ಯದ ಮಾತು. ಈ ಹಾಡುಗಳನ್ನು ಒಲ್ಲದವರು ಎತ್ತುವ ಗಟ್ಟಿ ಆಕ್ಷೇಪ ಇದೇ: ಬುದ್ಧಿವಂತಿಕೆ ಭಾವವನ್ನು ಕೊಲ್ಲುತ್ತದೆ, ಪದಚಮತ್ಕಾರ ಮಾಡುವವನು ಹೃದಯವನ್ನು ಬಚ್ಚಿಡುತ್ತಿರುತ್ತಾನೆ. ಕೆಲವರ ವಿಷಯದಲ್ಲಿ ಇದು ಸತ್ಯವೇ. ಚಮತ್ಕಾರಕ್ಕೇ ನಿಂತುಹೋಗುವ, ಕೇಳುಗ ತನ್ನ ಜಾಣತನಕ್ಕೆ ತಾನೇ ತಲೆದೂಗುವಂತೆ ಮಾಡುವ ಹಾಡುಗಳು ಈ ಪರಂಪರೆಯಲ್ಲಿ ಬೇಕಾದಷ್ಟಿವೆ. ಅವು ಎರಡನೆಯ ಸಲಕ್ಕೆ ಸವಕಲಾಗುತ್ತವೆ. ಆದರೆ ಒಳ್ಳೆಯವರ ಕೈಯಲ್ಲಿ ವಿನೋದ ಮಾಡುವ ಕೆಲಸ ಬೇರೆ.

‘ಆಲ್ ಹೇಲ್ ವೆಸ್ಟ್ ಟೆಕ್ಸಸ್’ನ ಮೊದಲ ಹಾಡು ಟೆಕ್ಸಸ್‌ನ ಡೆಂಟನ್ ಊರಿನ ಇಬ್ಬರು ಹುಡುಗರ ಕತೆ. ಅವರು ಡೆತ್ ಮೆಟಲ್ ಬ್ಯಾಂಡ್ ಕಟ್ಟಿಕೊಂಡು ದೊಡ್ಡ ಕನಸು ಕಾಣುತ್ತಾರೆ. ತಂಡಕ್ಕೆ ಏನು ಹೆಸರಿಡಬೇಕೆಂದು ತಲೆ ಕೆಡಿಸಿಕೊಳ್ಳುತ್ತಾರೆ, ವಾದ್ಯಗಳ ಮೇಲೆ ಹೆಸರು ಬರೆಯುತ್ತಾರೆ, ಖ್ಯಾತಿ ಬಂದೇ ಬರುತ್ತದೆಂದು ನಂಬುತ್ತಾರೆ. ಹದಿಹರೆಯದವರನ್ನು ಕಂಡ ಯಾರಿಗಾದರೂ ನಗು ಬರುತ್ತದೆ. ಅಷ್ಟರಲ್ಲಿ ಹಿರಿಯರು ನಡುವೆ ಬಂದು ಒಬ್ಬನನ್ನು ದೂರದ ಸಂಸ್ಥೆಗೆ ಕಳಿಸಿಬಿಡುತ್ತಾರೆ. ಸೇಡಿನ ಯೋಚನೆ ಪತ್ರಗಳಲ್ಲಿ ಮೊಳೆಯುತ್ತದೆ. ಹಾಡು ಎರಡೂವರೆ ನಿಮಿಷದ ಆಸುಪಾಸಿನದು, ಆದರೂ ಕೇಳುಗ ಅಷ್ಟರೊಳಗೆ ತನ್ನ ನಗುವಿಗೆ ತಾನೇ ಉತ್ತರ ಹೇಳಬೇಕಾದ ಜಾಗಕ್ಕೆ ಬಂದು ನಿಲ್ಲುತ್ತಾನೆ. ಹುಡುಗರನ್ನು ಹಗುರವಾಗಿ ಕಂಡ ಹಿರಿಯರು, ಅದೇ ಹಗುರದಲ್ಲಿ ನಕ್ಕ ಕೇಳುಗ, ಇಬ್ಬರ ನಡುವಿನ ಅಂತರ ಕರಗಿರುತ್ತದೆ. ಮೊದಲ ಚರಣದ ವಿನೋದ ಇಲ್ಲದಿದ್ದರೆ ಈ ಪೆಟ್ಟು ಬೀಳುತ್ತಲೇ ಇರಲಿಲ್ಲ. ನೇರವಾಗಿ ಗೋಳು ಹೇಳಿದ್ದರೆ ಕೇಳುಗ ಮರುಕಪಟ್ಟು ಸುಮ್ಮನಾಗುತ್ತಿದ್ದ.

ಈ ವಸ್ತು ಡಾರ್ನೀಲ್ ಅವರಿಗೆ ಆಕಸ್ಮಿಕವಾಗಿ ಸಿಕ್ಕಿದ್ದಲ್ಲ. ಸಂಸ್ಥೆಯ ಬೀಗದೊಳಗಿನ ಬದುಕನ್ನು ಅವರು ನರ್ಸ್ ಆಗಿ ಕಂಡಿದ್ದರು. 2008ರಲ್ಲಿ ಬ್ಲ್ಯಾಕ್ ಸಬ್ಬತ್ ತಂಡದ ಆಲ್ಬಂ ಒಂದರ ಮೇಲೆ ವಿಮರ್ಶಾ ಪುಸ್ತಕ ಬರೆಯುವ ಅವಕಾಶ ಬಂದಾಗ, ಅವರು ವಿಮರ್ಶೆಯ ಬದಲು 1985ರಲ್ಲಿ ಮಾನಸಿಕ ಚಿಕಿತ್ಸಾಲಯಕ್ಕೆ ಸೇರಿಸಲ್ಪಟ್ಟ ಹುಡುಗನೊಬ್ಬನ ದಿನಚರಿಯಾಗಿ ಆ ಪುಸ್ತಕ ಬರೆದರು. ಹುಡುಗ ಕೇಳುವುದು ಒಂದೇ: ತನ್ನಿಂದ ಕಿತ್ತುಕೊಂಡ ಕ್ಯಾಸೆಟ್ಟುಗಳನ್ನು ವಾಪಸು ಕೊಡಿ. ಮುಂದೆ 2014ರಲ್ಲಿ ಅವರ ಕಾದಂಬರಿ ‘ವುಲ್ಫ್ ಇನ್ ವೈಟ್ ವ್ಯಾನ್’ ಅಮೆರಿಕದ ನ್ಯಾಷನಲ್ ಬುಕ್ ಅವಾರ್ಡ್‌ನ ಮೊದಲ ಸುತ್ತಿನ ಪಟ್ಟಿಗೆ ಬಂತು. ಹಾಡಿನಲ್ಲಿ ಕಲಿತ ಸಾಂದ್ರತೆಯನ್ನೇ ಅವರು ಗದ್ಯಕ್ಕೆ ಒಯ್ದರು ಎನ್ನಬೇಕು.

ನ್ಯೂಯಾರ್ಕಿನ ಸ್ಟೀಫನ್ ಮೆರಿಟ್ ಅವರದು ಬೇರೆ ಬಗೆಯ ಚಾತುರ್ಯ. ಅವರ ಮ್ಯಾಗ್ನೆಟಿಕ್ ಫೀಲ್ಡ್ಸ್ ತಂಡ 1999ರಲ್ಲಿ ‘69 ಲವ್ ಸಾಂಗ್ಸ್’ ತಂದಿತು: ಮೂರು ಸಿ.ಡಿ., ಪ್ರತಿಯೊಂದರಲ್ಲಿ 23 ಪ್ರೇಮಗೀತೆ. ಬಹುಪಾಲು ಮನೆಯಲ್ಲೇ, ಅಗ್ಗದ ಕೀಬೋರ್ಡು, ಯುಕುಲೇಲಿಗಳಿಂದ ಕಟ್ಟಿದ್ದು. ಹಳ್ಳಿಗೀತೆಯ ಧಾಟಿ, ಪಂಕ್, ಜಾಝ್, ನಾಟಕಗೀತೆ ಎಂದು ಒಂದೊಂದು ಹಾಡಿಗೂ ಒಂದೊಂದು ವೇಷ. ಇದು ಪ್ರೇಮದ ಕುರಿತಾದ ಆಲ್ಬಂ ಅಲ್ಲ, ಪ್ರೇಮಗೀತೆಗಳ ಕುರಿತಾದದ್ದು ಎಂದು ಮೆರಿಟ್ ಹೇಳಿಕೊಂಡರು. ಹಾಗೆ ಹೇಳಿದರೂ ಅಲ್ಲಿನ ಹಲವು ಹಾಡುಗಳನ್ನು ಜನ ಮದುವೆಗಳಲ್ಲಿ ಹಾಡಿದರು. ಮೆರಿಟ್ ಅವರದು ಆಳದ, ಏರಿಳಿತವಿಲ್ಲದ ಮಂದ್ರ ಕಂಠ, ಅಳುವುದಕ್ಕೆ ಬಾರದ ಕಂಠ. ಪ್ರಾಸ ಮಾತ್ರ ಎಷ್ಟು ಬಿಗಿಯೆಂದರೆ, ಮುಂದಿನ ಪದ ಯಾವುದಿರಬಹುದು ಎಂದು ಕೇಳುಗ ಊಹಿಸುತ್ತಿರುವಾಗಲೇ ಅನಿರೀಕ್ಷಿತವಾದ ಇನ್ನೊಂದು ಪದ ಬಂದು ಕೂರುತ್ತದೆ, ಅದರ ಜೊತೆಗೆ ಊಹಿಸಿರದ ನೋವೂ ಬರುತ್ತದೆ. ಹಾಡುಗಾರ ಅಳದಿರುವುದರಿಂದ ಆ ಕೆಲಸ ಕೇಳುಗನ ಪಾಲಿಗೆ ಬೀಳುತ್ತದೆ.

ಮೆಲ್ಬರ್ನಿನ ಕೋರ್ಟ್ನಿ ಬಾರ್ನೆಟ್ ಈ ಸಾಲಿನ ತೀರ ಈಚಿನ ಕೊಂಬೆ. 2015ರ ಅವರ ‘ಡಿಪ್ರೆಸ್ಟನ್’ ಹಾಡಿನಲ್ಲಿ ಕಾಫಿಯ ಖರ್ಚು ಲೆಕ್ಕ ಹಾಕುವ ಜೋಡಿಯೊಂದು ನಗರದಂಚಿನ ಪ್ರೆಸ್ಟನ್ ಬಡಾವಣೆಯಲ್ಲಿ ಮನೆ ನೋಡಲು ಹೋಗುತ್ತದೆ. ಏಜೆಂಟಿನ ಮಾತು, ಗ್ಯಾರೇಜು, ತೋಟ, ಎಲ್ಲ ಸಾಮಾನ್ಯ. ಆಮೇಲೆ ಬಚ್ಚಲಿನಲ್ಲಿ ಹಿಡಿದುಕೊಳ್ಳಲು ಹಾಕಿಸಿದ ಸರಳು, ಅಡುಗೆಮನೆಯ ಡಬ್ಬಿಗಳು, ವಿಯೆಟ್ನಾಂನಲ್ಲಿದ್ದ ಯುವಕನ ಫೋಟೊ ಕಣ್ಣಿಗೆ ಬೀಳುತ್ತವೆ. ಇದು ತೀರಿಕೊಂಡ ಮುದುಕಿಯೊಬ್ಬಳ ಮನೆ. ಹಾಡು ಇದಕ್ಕೆ ಒಂದು ಮಾತನ್ನೂ ಹೆಚ್ಚು ಸೇರಿಸುವುದಿಲ್ಲ. ಮಾತಾಡುವ ಲಯದಲ್ಲೇ, ಅದೇ ಉದಾಸೀನದ ದನಿಯಲ್ಲಿ ಮುಂದುವರಿಯುತ್ತದೆ. ಬಾರ್ನೆಟ್ ಈ ಹಾಡಿರುವ ಆಲ್ಬಂ ಮಾಡಿದ್ದು ಸರಿಯಾದ ಸ್ಟುಡಿಯೊದಲ್ಲಿ, ಮುದ್ರಣ ಚೊಕ್ಕವಾಗಿದೆ. ಆದರೂ ಮಾತನ್ನು ಮುಂದಿಟ್ಟು ವಾದ್ಯವನ್ನು ಹಿಂದೆ ನಿಲ್ಲಿಸುವ ಸಂಸ್ಕಾರ ಟೇಪ್ ಯಂತ್ರಗಳ ಕಾಲದಿಂದಲೇ ಬಂದದ್ದು.

ಸ್ಟುಡಿಯೊಗೆ ಹೋದ ಮೇಲೂ ಈ ಸಂಸ್ಕಾರ ಉಳಿಯುತ್ತದೆಯೇ ಎಂಬ ಪ್ರಶ್ನೆ ಮೌಂಟನ್ ಗೋಟ್ಸ್ ವಿಷಯದಲ್ಲೂ ಏಳುತ್ತದೆ. ಡಾರ್ನೀಲ್ 4ಎಡಿ ಸಂಸ್ಥೆಗಾಗಿ ಸ್ಟುಡಿಯೊದಲ್ಲಿ ಮಾಡಿದ ‘ಟ್ಯಾಲಹಾಸಿ’ ಆಲ್ಬಂ 2002ರ ಕೊನೆಗೆ ಬಂತು. ಹಳೆಯ ಅಭಿಮಾನಿಗಳಲ್ಲಿ ಕೆಲವರು ಮುನಿಸಿಕೊಂಡರು. ಮೂರು ವರ್ಷದ ನಂತರ ಮಲತಂದೆಯ ಹಿಂಸೆಯಲ್ಲಿ ಕಳೆದ ತಮ್ಮ ಬಾಲ್ಯವನ್ನು ‘ದ ಸನ್‌ಸೆಟ್ ಟ್ರೀ’ಯಲ್ಲಿ ತೋಡಿಕೊಂಡಾಗ, ಪಿಯಾನೊ, ಡ್ರಮ್ಮುಗಳಿದ್ದರೂ ಒಂದು ಪದವೂ ಮಂಕಾಗಲಿಲ್ಲ. ಈ ಆಲ್ಬಂ ಅವರ ಕೇಳುಗರ ಬಳಗವನ್ನು ಬೆಳೆಸಿತು. ಮುನಿದವರು ಪೆಟ್ಟಿಗೆಯ ಸದ್ದನ್ನೇ ಸಾರವೆಂದು ತಿಳಿದಿದ್ದರು. ನಿಜದಲ್ಲಿ ಪೆಟ್ಟಿಗೆ ಹತ್ತು ವರ್ಷ ಅವರಿಗೆ ಶಿಕ್ಷಣ ಕೊಟ್ಟಿತ್ತು: ಪದವನ್ನು ಕಚ್ಚಿ ಉಚ್ಚರಿಸುವುದು, ಉಸಿರನ್ನು ಸಾಲಿನ ಅಂತ್ಯಕ್ಕೆ ಹೊಂದಿಸುವುದು, ಒಂದು ಗಿಟಾರಿನ ಮೇಲೆ ಇಡೀ ಕತೆ ನಿಲ್ಲಿಸುವುದು. 2020ರ ಮಾರ್ಚಿನಲ್ಲಿ ಕೊರೊನಾದಿಂದ ಕಛೇರಿಗಳೆಲ್ಲ ರದ್ದಾಗಿ ಜೊತೆಗಾರರ ಆದಾಯ ನಿಂತಾಗ, ಡಾರ್ನೀಲ್ ಅದೇ ಹಳೆಯ ಪ್ಯಾನಸಾನಿಕ್ ಎದುರು ಕೂತು 10 ಹಾಡು ಮಾಡಿ ಕ್ಯಾಸೆಟ್ಟಾಗಿ ಬಿಡುಗಡೆ ಮಾಡಿದರು. ಹಣ ತಂಡದವರ, ಸಹಾಯಕರ ಕೈಸೇರಿತು. ಆ ಹಾಡುಗಳ ವಸ್ತು ರೋಮನ್ ಸಾಮ್ರಾಜ್ಯದ ಕೊನೆಯ ಪೇಗನ್ ಸಮುದಾಯಗಳು, ಸ್ಫೂರ್ತಿ ಪಿಯೆರ್ ಶೂವಾಂ ಎಂಬ ಫ್ರೆಂಚ್ ಇತಿಹಾಸಕಾರನ ಪುಸ್ತಕ. ಇತಿಹಾಸದ ಇಷ್ಟು ಗಟ್ಟಿ ವಸ್ತುವನ್ನು ಯಾವ ಸ್ಟುಡಿಯೊ ನಿರ್ಮಾಪಕ ಸುಲಭಕ್ಕೆ ಒಪ್ಪುತ್ತಿದ್ದ?

ಒರಟುತನವನ್ನು ಸತ್ಯದ ಪ್ರಮಾಣಪತ್ರವಾಗಿ ಓದುವುದರಲ್ಲಿ ಒಂದು ಕ್ರೌರ್ಯವೂ ಇದೆ. ಡೇನಿಯಲ್ ಜಾನ್‌ಸ್ಟನ್ (1961–2019) ತಮ್ಮ ಮೊದಲ ಹಾಡುಗಳನ್ನು ತಂದೆತಾಯಿಯ ಮನೆಯ ನೆಲಮಾಳಿಗೆಯಲ್ಲಿ ಸಣ್ಣ ಕ್ಯಾಸೆಟ್ ಯಂತ್ರದಲ್ಲಿ ಮುದ್ರಿಸಿದರು. ಪ್ರತಿ ತೆಗೆಯುವ ಸಲಕರಣೆ ಇಲ್ಲದ ದಿನಗಳಲ್ಲಿ, ಯಾರಾದರೂ ಕ್ಯಾಸೆಟ್ ಕೇಳಿದರೆ ಇಡೀ ಆಲ್ಬಮ್ಮನ್ನೇ ಮತ್ತೆ ಹಾಡಿ ಕೊಡುತ್ತಿದ್ದರು. ಆಸ್ಟಿನ್ ನಗರದಲ್ಲಿ ಕೆಲಸ ಮಾಡುತ್ತ, ಸಿಕ್ಕವರ ಕೈಗೆ ಕ್ಯಾಸೆಟ್ ಹಂಚುತ್ತ ಹೆಸರಾದರು. 1992ರಲ್ಲಿ ನಿರ್ವಾಣ ತಂಡದ ಕರ್ಟ್ ಕೊಬೇನ್ ಜಾನ್‌ಸ್ಟನ್ ಬರೆದ ಕಪ್ಪೆಯ ಚಿತ್ರವಿದ್ದ ಟೀ ಶರ್ಟ್ ತೊಟ್ಟು ಎಂಟಿವಿ ಪ್ರಶಸ್ತಿ ಸಮಾರಂಭಕ್ಕೆ ಬಂದಾಗ ಜಗತ್ತೇ ಈ ಹೆಸರು ಕೇಳಿತು. ಆದರೆ ಜಾನ್‌ಸ್ಟನ್ ತೀವ್ರ ಮಾನಸಿಕ ಕಾಯಿಲೆಯಿಂದ ನರಳುತ್ತಿದ್ದರು. ಅವರ ನಡುಗುವ ಕಂಠವನ್ನೂ ಗಿಲಗಿಲ ಟೇಪನ್ನೂ ಕಾಯಿಲೆಯ ಜೊತೆ ಕಟ್ಟಿ, ಇದೇ ಶುದ್ಧ ಕಲೆ ಎಂದು ಕೊಂಡಾಡಿದವರು ಬಹಳ ಮಂದಿ. ಇದು ಕಲಾವಿದನಿಗೂ ಅನ್ಯಾಯ, ರೋಗಿಗೂ ಅನ್ಯಾಯ. 2004ರಲ್ಲಿ ಟಾಮ್ ವೇಟ್ಸ್, ಬೆಕ್ ಮೊದಲಾದವರು ಅವರ ಹಾಡುಗಳನ್ನು ಹಾಡಿದ ಸಂಕಲನ ಬಂತು. ಬೇರೆ ಕಂಠ, ಬೇರೆ ವಾದ್ಯ, ಬೇರೆ ಮುದ್ರಣ, ಹಾಡು ಮಾತ್ರ ಅಲುಗಲಿಲ್ಲ. ಬೀಟಲ್ಸ್ ಕೇಳಿ ಕೇಳಿ ಕಲಿತ ರಚನಾಕೌಶಲ ಅಲ್ಲಿ ಗಟ್ಟಿಯಾಗಿತ್ತು. ಜಾನ್‌ಸ್ಟನ್ ಅವರನ್ನು ಮೊದಲು ನೋಡಬೇಕಾದದ್ದು ಕಸುಬುದಾರನಾಗಿ.

ಈ ಹಾಡುಗಳ ಇನ್ನೊಂದು ಮಿತಿ ಭಾಷೆಯದು. ಬ್ಲ್ಯಾಕ್‌ವೆಲ್ ಹೆಸರಿಸುವ ಟಿ.ವಿ. ಮುಖಗಳು ಬ್ರಿಟನ್ನಿನ ಹೊರಗೆ ಯಾರಿಗೂ ಗೊತ್ತಿಲ್ಲ. ಇಂಗ್ಲಿಷ್ ಹಾಡನ್ನು ಧಾಟಿಗಾಗಿ ಕೇಳಿ ಬೆಳೆದ ಬೆಂಗಳೂರು, ಮೈಸೂರಿನ ಕೇಳುಗರಿಗೆ ಧಾಟಿ ತೆಳುವಾದ, ಮಾತೇ ಮುಖ್ಯವಾದ ಹಾಡು ಮೊದಲ ಸಲಕ್ಕೆ ಏನೂ ಕೊಡದಿರಬಹುದು. ಆದರೆ ಕನ್ನಡದ ಕಿವಿಗೆ ಈ ರುಚಿ ಹೊಸದಲ್ಲ. ಟಿ.ಪಿ. ಕೈಲಾಸಂ ಇಂಗ್ಲಿಷ್ ಜನಪ್ರಿಯ ಹಾಡೊಂದರ ಧಾಟಿ ಹಿಡಿದು ‘ಕೋಳೀಕೆ ರಂಗ’ ಕಟ್ಟಿದರು. ಅದನ್ನು ಮೂರು ಪೀಳಿಗೆಯವರು ವಾದ್ಯವಿಲ್ಲದೆಯೇ, ನಾಲಗೆಯ ಚುರುಕಿಗಾಗಿ ಹಾಡಿ ಖುಷಿಪಟ್ಟಿದ್ದಾರೆ. ಅಂಥ ಕೇಳುಗರು ಡಾರ್ನೀಲ್ ಅಥವಾ ಬಾರ್ನೆಟ್ ಹಾಡನ್ನು ಸಾಹಿತ್ಯ ಎದುರಿಗಿಟ್ಟುಕೊಂಡು ಒಮ್ಮೆ ಕೇಳಿದರೆ ಸಾಕು, ಎರಡನೆಯ ಸಲ ಕಾಗದ ಬೇಕಾಗುವುದಿಲ್ಲ. ಸ್ಥಳೀಯ ಹೆಸರುಗಳು ಅಪರಿಚಿತವಾಗಿದ್ದರೂ, ಹೆಸರಿಡುವಾಗ ಬರಹಗಾರ ತೋರುವ ಪ್ರೀತಿ ಅಪರಿಚಿತವಲ್ಲ.

ಮಾತು ಗೆಲ್ಲುತ್ತದೆ ಎಂಬ ಈ ವಾದವನ್ನು ಅತ್ಯಂತ ಕಠಿಣವಾಗಿ ಪರೀಕ್ಷಿಸಿದ್ದು ಕ್ರಿಸ್ ನಾಕ್ಸ್ ಅವರ ಬದುಕು. ಟಾಯ್ ಲವ್ ಮುಗಿದ ಮೇಲೆ ಅಲೆಕ್ ಬಾತ್‌ಗೇಟ್ ಜೊತೆ ಟಾಲ್ ಡ್ವಾರ್ಫ್ಸ್ ಹೆಸರಿನಲ್ಲಿ, ಆಮೇಲೆ ಒಬ್ಬರೇ, ಅವರು ಮನೆಯ ಯಂತ್ರದಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಹಾಡು ಮಾಡಿದರು. ತಮ್ಮ ಮಕ್ಕಳ ತಾಯಿಗಾಗಿ ಬರೆದ ‘ನಾಟ್ ಗಿವನ್ ಲೈಟ್ಲಿ’ ನ್ಯೂಜಿಲೆಂಡಿನಲ್ಲಿ ಮನೆಮಾತಾಯಿತು. ಪತ್ರಿಕೆಗಳಿಗೆ ವ್ಯಂಗ್ಯಚಿತ್ರ ಬರೆದರು, ಸಿನಿಮಾ ವಿಮರ್ಶೆ ಮಾಡಿದರು. ಮಾತೇ ಅವರ ಕಸುಬಾಗಿತ್ತು. 2009ರ ಜೂನಿನಲ್ಲಿ ಪಾರ್ಶ್ವವಾಯು ಹೊಡೆದು ಅವರ ಮಾತಿನ ಬಹುಭಾಗವನ್ನು ಕಸಿದುಕೊಂಡಿತು.

ಅದೇ ವರ್ಷದ ಕೊನೆಗೆ, ಚಿಕಿತ್ಸೆಗೆ ಹಣ ಕೂಡಿಸಲೆಂದು ‘ಸ್ಟ್ರೋಕ್’ ಎಂಬ ಸಂಕಲನ ಬಂತು. ನ್ಯೂಜಿಲೆಂಡಿನ ಗೆಳೆಯರ ಜೊತೆಗೆ, ನಾಕ್ಸ್ ಅವರ ಟೇಪುಗಳನ್ನು ಕೇಳಿ ಬೆಳೆದ ಅಮೆರಿಕನ್ನರೂ ಅದರಲ್ಲಿ ಹಾಡಿದರು. ಬಹುಕಾಲ ಸಾರ್ವಜನಿಕರಿಂದ ದೂರ ಸರಿದಿದ್ದ ನ್ಯೂಟ್ರಲ್ ಮಿಲ್ಕ್ ಹೋಟೆಲ್ ತಂಡದ ಜೆಫ್ ಮ್ಯಾಂಗಮ್ ಕೂಡ ಇದಕ್ಕಾಗಿ ಒಂದು ಹಾಡು ಮುದ್ರಿಸಿ ಕೊಟ್ಟರು. ಸ್ಟೀಫನ್ ಮೆರಿಟ್ ‘ಬ್ಯೂಟಿ’ ಹಾಡಿದರು, ಡಾರ್ನೀಲ್ ತಮ್ಮ ಪಾಲಿಗೆ ‘ಬ್ರೇವ್’ ಆರಿಸಿಕೊಂಡರು. ನಾಕ್ಸ್ ಆ ಸಾಲುಗಳನ್ನು ಬರೆದು ಮುದ್ರಿಸಿದಾಗ ಅವನ್ನು ಕೇಳಿದವರು ಕೆಲವೇ ಮಂದಿ. ಅವರಲ್ಲಿ ಇಬ್ಬರು ಅಷ್ಟು ಹೊತ್ತಿಗೆ ತಮ್ಮ ದೇಶದ ದೊಡ್ಡ ಗೀತರಚನಕಾರರಾಗಿದ್ದರು, ಪದಗಳು ಅವರಿಗೆ ಬಾಯಿಗೆ ಬರುತ್ತಿದ್ದವು.